ನೆರೆ ಮತ್ತು ನೆರವು

'ನೆರೆ' ಎಂಬ ಶಬ್ದಕ್ಕೆ ಪ್ರವಾಹವೆಂಬುದು ಒಂದು ಅರ್ಥ. ಪಕ್ಕದ ಮನೆಯೆಂಬುದು ಮತ್ತೊಂದು. ಈ ಎರಡರ್ಥಗಳೂ ಒಂದೆಡೆ ಕೂಡಿದುದನ್ನು ನಮ್ಮ ಮಲೆನಾಡು 2019ರ ಆಗಸ್ಟ್ ತಿಂಗಳಲ್ಲಿ ಕಂಡಿತು. ಮೂಡಿಗೆರೆ ಸೀಮೆಯ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ, ತೋಟಗಳು ಮಣ್ಣುಪಾಲಾದವು. ಕಳಸದ ಬಳಿಯ ಹೆಬ್ಬಾಳೆ ಸೇತುವೆಯನ್ನು ಭದ್ರೆ ಮುಳುಗಿಸಿದಳು. ದಾರಿಗಳು ಕಡಿದುಹೋದಾಗ ಮೊದಲು ಕೈಹಿಡಿದವರು ನೆರೆಹೊರೆಯವರೇ.

ಆದರೆ ನೆರವೆಂಬುದು ಅಕ್ಕಿ, ಕಂಬಳಿಗಳನ್ನು ಹಂಚಿದಲ್ಲಿಗೆ ಮುಗಿಯತಕ್ಕದ್ದಲ್ಲ. ಮಳೆ ನಿಂತ ಮೇಲೂ ಮನೆ ಕಳೆದುಕೊಂಡ ಕುಟುಂಬಗಳು ಬದಲಿ ನೆಲೆಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ಅಂತಹ ಕಾಲದಲ್ಲಿ ಮಗುವಿಗೆ ಬೇಕಾದುದು ಶಾಲೆ ತಪ್ಪದಿರುವ ಅನುಕೂಲ: ಪಠ್ಯಪುಸ್ತಕ, ಕೊಡೆ, ಸಂಜೆ ಪಾಠ ಹೇಳಿಕೊಡುವವರೊಬ್ಬರು. ಕೊಡುವ ಬಗೆಯನ್ನೂ ಅರಿತಿರಬೇಕು. ಸಭೆಯಲ್ಲಿ ಹೆಸರು ಕೂಗಿ ಕೊಟ್ಟ ಅಂಗಿಯು ಮೈಯನ್ನು ಮುಚ್ಚೀತು, ತಲೆಯನ್ನು ತಗ್ಗಿಸೀತು.

ವಿದ್ಯಾರ್ಥಿಗಳೇ, ಮಳೆಗಾಲದಲ್ಲಿ ತರಗತಿಯ ಯಾವ ಸ್ಥಳ ನಾಲ್ಕು ದಿನ ಬರಿದಾಗಿದೆಯೆಂಬುದನ್ನು ಮೊದಲು ಕಾಣುವವರು ನೀವು. ಆ ಮನೆಗೆ ಹೋಗಿ ಯೋಗಕ್ಷೇಮ ವಿಚಾರಿಸಿರಿ. ತಪ್ಪಿದ ಪಾಠವನ್ನು ಬರೆದುಕೊಡಿರಿ. ಅಲ್ಲಿ ಕಂಡ ಕಷ್ಟವನ್ನು ಗುರುಗಳಿಗೆ ಮಾತ್ರ ತಿಳಿಸಿರಿ.