ಕೋಲಾರದ ಚಿನ್ನ, ಲಂಡನ್ನಿನ ಬಂಡವಾಳ



• 1880: ಬ್ರಿಟನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ (ಕೆಜಿಎಫ್) ಗಣಿಗಾರಿಕೆಗೆ ಇಳಿಯಿತು.
• ಹಂಚಿಕೆ: ಲಾಭಾಂಶ ಲಂಡನ್ನಿನ ಷೇರುದಾರರಿಗೆ, ರಾಯಧನ ಮೈಸೂರು ಸಂಸ್ಥಾನಕ್ಕೆ, ಕೂಲಿ ಕಾರ್ಮಿಕರಿಗೆ.
• 1902: ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿಯಲ್ಲಿ ಗಣಿಗೆ ವಿದ್ಯುತ್. ಜನರೇಟರ್‌ಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಬೆಂಗಳೂರಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ.
• 1956: ರಾಷ್ಟ್ರೀಕರಣ.
• 1972: ಭಾರತ್ ಗೋಲ್ಡ್ ಮೈನ್ಸ್ ಸ್ಥಾಪನೆ.
• 28 ಫೆಬ್ರವರಿ 2001: ಗಣಿ ಬಂದ್.
• ಉಳಿದದ್ದು: ಗಾಳಿ ಬೀಸಿದರೆ ಮನೆಯೊಳಕ್ಕೂ ದೂಳು ತೂರುವ ಸೈನೈಡ್ ದಿಬ್ಬಗಳು.

ನೆನಪಿಡಿ: ಭಾರತದ ಸಂಪತ್ತು ಬ್ರಿಟನ್ನಿಗೆ ಹರಿದುಹೋಗುತ್ತಿದೆ ಎನ್ನುವ ‘ಸಂಪತ್ತಿನ ಸೋರಿಕೆ’ ಸಿದ್ಧಾಂತ ದಾದಾಭಾಯಿ ನವರೋಜಿ ಅವರದು, ಅದನ್ನು ವಿವರಿಸುವ ಅವರ ಗ್ರಂಥ ಪ್ರಕಟವಾದದ್ದು 1901ರಲ್ಲಿ. ಉದಾಹರಣೆ ಕೇಳಿದರೆ ಕೆಜಿಎಫ್ ಬರೆಯಿರಿ.