ಹಸುವಿನ ಹಾಲು ಆಗದ ಮಗುವಿಗೆ ಮೇಕೆ ಹಾಲು ಕೊಡಬಹುದೇ?



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಹಸು, ಎಮ್ಮೆಯ ಜೊತೆಗೆ ಎರಡು ಮೂರು ಮೇಕೆ ಕಟ್ಟಿರುವ ಮನೆಗಳು ಬಹಳ. "ನಮ್ಮ ಮಗುವಿಗೆ ಹಸುವಿನ ಹಾಲು ಆಗಲ್ಲ, ಒಂದು ಲೋಟ ಮೇಕೆ ಹಾಲು ಕೊಡಿ" ಎಂದು ಅಕ್ಕಪಕ್ಕದವರು ನಿಮ್ಮನ್ನು ಕೇಳಿರಬಹುದು. ಕೊಡುವ ಮೊದಲು ಇದನ್ನು ಓದಿ.

"ಆಗಲ್ಲ" ಎಂದರೆ ಎರಡು ಬಗೆ

ಒಂದು, ಹಾಲಿನ ಸಕ್ಕರೆ ಅಂದರೆ ಲ್ಯಾಕ್ಟೋಸ್ ಜೀರ್ಣವಾಗದಿರುವುದು. ಹೊಟ್ಟೆ ಉಬ್ಬರ, ಭೇದಿ ಆಗುತ್ತದೆ. ಮೇಕೆ ಹಾಲಿನಲ್ಲೂ ಈ ಸಕ್ಕರೆ ಇದೆ.

ಇನ್ನೊಂದು ಅಲರ್ಜಿ. ಇಲ್ಲಿ ದೇಹವು ಹಾಲಿನ ಪ್ರೋಟೀನನ್ನೇ ಶತ್ರು ಎಂದು ತಿಳಿಯುತ್ತದೆ. ಮೈಮೇಲೆ ದದ್ದು, ತುಟಿ ಊತ, ವಾಂತಿ, ಕೆಲವೊಮ್ಮೆ ಉಸಿರಾಟದ ತೊಂದರೆ ಬರುತ್ತದೆ. ಕೆಲವು ಮಕ್ಕಳಿಗೆ ಒಂದು ಚಮಚ ಹಾಲೂ ಸಾಕು.

ಯಾವ ಪ್ರೋಟೀನು?

ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 32 ಗ್ರಾಂ ಪ್ರೋಟೀನು ಇರುತ್ತದೆ. ಅದರಲ್ಲಿ ಶೇ. 80ರಷ್ಟು ಕೇಸೀನ್, ಹಾಲು ಒಡೆದಾಗ ಗಟ್ಟಿಯಾಗುವ ಭಾಗ ಇದೇ. ಉಳಿದದ್ದು ತಿಳಿನೀರಿನಲ್ಲಿ ಇರುತ್ತದೆ. ತಿಳಿನೀರಿನ ಮುಖ್ಯ ಪ್ರೋಟೀನು ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್, ಇದು ತಾಯಿಯ ಹಾಲಿನಲ್ಲಿ ಇರುವುದಿಲ್ಲ. ಈ ಎರಡೂ ಮೇಕೆ ಹಾಲಿನಲ್ಲಿವೆ, ರಚನೆಯೂ ಬಹುಪಾಲು ಒಂದೇ. ಹಾಗಾಗಿ ಅಲರ್ಜಿ ಇರುವ ದೇಹಕ್ಕೆ ಎರಡೂ ಒಂದೇ ಎನಿಸುತ್ತದೆ.

ಅಳೆಯುವುದು ಹೇಗೆ?

ನಿಮ್ಮ ಸಂಘದ ಯಂತ್ರ ಫ್ಯಾಟ್, ಎಸ್‌ಎನ್‌ಎಫ್ ತೋರಿಸುತ್ತದೆ. ಯಾವ ಪ್ರೋಟೀನು ಎಷ್ಟಿದೆ ಎಂದು ಅದು ಹೇಳುವುದಿಲ್ಲ. ಅದಕ್ಕೆ ಪ್ರಯೋಗಾಲಯದಲ್ಲಿ ಎಲಿಸಾ ಪರೀಕ್ಷೆ ಬೇಕು. ಪುಟ್ಟ ಗುಳಿಗಳಿರುವ ತಟ್ಟೆಗೆ ಒಂದೇ ಪ್ರೋಟೀನನ್ನು ಹಿಡಿಯುವ ಪ್ರತಿಕಾಯಗಳನ್ನು ಅಂಟಿಸಿ, ಅದಕ್ಕೆ ಹಾಲು ಹಾಕುತ್ತಾರೆ. ಕೊನೆಗೆ ಬರುವ ಬಣ್ಣದ ಗಾಢತೆ ನೋಡಿ ಪ್ರಮಾಣ ಲೆಕ್ಕ ಹಾಕುತ್ತಾರೆ. ಲೀಟರಿಗೆ ಕೆಲವೇ ಮಿಲಿಗ್ರಾಂ ಇದ್ದರೂ ಇದರಲ್ಲಿ ಗೊತ್ತಾಗುತ್ತದೆ.

ಇಂಥ ಅಳತೆಗಳಿಂದ ತಿಳಿದ ಒಂದು ವಿಷಯ: ಆಲ್ಫಾ ಎಸ್-1 ಎಂಬ ಕೇಸೀನ್ ಎಲ್ಲ ಮೇಕೆಗಳಲ್ಲೂ ಒಂದೇ ಸಮ ಇರುವುದಿಲ್ಲ. ತಂದೆ ತಾಯಿಯಿಂದ ಬಂದ ಗುಣದಂತೆ ಕೆಲವು ಮೇಕೆಗಳಲ್ಲಿ ಲೀಟರಿಗೆ ಸುಮಾರು 7 ಗ್ರಾಂ, ಕೆಲವದರಲ್ಲಿ 1 ಗ್ರಾಂ ಆಸುಪಾಸು, ಅಪರೂಪಕ್ಕೆ ಸ್ವಲ್ಪವೂ ಇರುವುದಿಲ್ಲ. "ಮೇಕೆ ಹಾಲಿನಲ್ಲಿ ಅಲರ್ಜಿ ಇಲ್ಲ" ಎಂಬ ಮಾತಿಗೆ ಇದೂ ಒಂದು ಕಾರಣ. ಆದರೆ ಈ ಒಂದು ಕಡಿಮೆಯಾದರೂ ಬೇರೆ ಕೇಸೀನ್‌ಗಳು ಇದ್ದೇ ಇರುತ್ತವೆ. 1999ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಹಸುವಿನ ಹಾಲಿನ ಅಲರ್ಜಿ ಇದ್ದ 26 ಮಕ್ಕಳಿಗೆ ವೈದ್ಯರ ಎದುರಿನಲ್ಲೇ ಮೇಕೆ ಹಾಲು ಕೊಟ್ಟು ನೋಡಿದರು. 24 ಮಕ್ಕಳಿಗೆ ಅದೂ ಆಗಲಿಲ್ಲ.

ನೀವು ಮಾಡಬೇಕಾದದ್ದು

1. "ಅಲರ್ಜಿ ಇರುವ ಮಗುವಿಗೆ ಒಳ್ಳೆಯದು" ಎಂದು ಹೇಳಿ ಮೇಕೆ ಹಾಲು ಕೊಡಬೇಡಿ, ಮಾರಬೇಡಿ. ಮಕ್ಕಳ ವೈದ್ಯರಿಗೆ ತೋರಿಸಲು ಹೇಳಿ.

2. ಹಾಲು ಕುಡಿದ ಮೇಲೆ ತುಟಿ ಊದಿಕೊಂಡರೆ, ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

3. ಆರು ತಿಂಗಳವರೆಗೆ ಎದೆಹಾಲು ಮಾತ್ರ. ವರ್ಷ ತುಂಬುವ ಮೊದಲು ಮೇಕೆ ಹಾಲನ್ನೇ ಮುಖ್ಯ ಆಹಾರ ಮಾಡಬೇಡಿ. ಅದರಲ್ಲಿ ಫೋಲೇಟ್ ತೀರ ಕಡಿಮೆ, ರಕ್ತಹೀನತೆ ಬರಬಹುದು.

4. ಮೇಕೆ ಹಾಲನ್ನು ಕಾಯಿಸಿಯೇ ಕುಡಿಯಿರಿ. ಹಸಿ ಹಾಲಿನಿಂದ ಬ್ರುಸೆಲ್ಲಾ ರೋಗ ಹರಡುತ್ತದೆ. ಕಾಯಿಸಿದರೆ ರೋಗಾಣು ಸಾಯುತ್ತದೆ, ಆದರೆ ಕೇಸೀನ್ ಹೋಗುವುದಿಲ್ಲ. ಅಲರ್ಜಿಗೆ ಕಾಯಿಸುವುದು ಪರಿಹಾರವಲ್ಲ.

5. ಮೇಕೆ ಹಾಲಿಗೆ ಪಾತ್ರೆ ಬೇರೆ ಇಡಿ. ಸಂಘದ ಕ್ಯಾನಿಗೆ ಒಂದು ಲೋಟವನ್ನೂ ಬೆರೆಸಬೇಡಿ. ಹಸುವಿನ ಹಾಲು ಒಗ್ಗಿ, ಮೇಕೆ ಹಾಲಿಗೆ ಮಾತ್ರ ಅಲರ್ಜಿ ಇರುವವರೂ ಇದ್ದಾರೆ. ನಾವು ಬೆರೆಸಿದ್ದು ಅವರಿಗೆ ಗೊತ್ತಾಗುವುದಿಲ್ಲ.

ಮೇಕೆ ಹಾಲು ಒಗ್ಗುವ ದೊಡ್ಡವರಿಗೆ, ದೊಡ್ಡ ಮಕ್ಕಳಿಗೆ ಅದು ಒಳ್ಳೆಯ ಆಹಾರವೇ. ಆದರೆ ಹಸುವಿನ ಹಾಲಿನ ಅಲರ್ಜಿಗೆ ಅದು ಮದ್ದಲ್ಲ. ಮುಂದಿನ ಸಂಘದ ಸಭೆಯಲ್ಲಿ ಇದನ್ನು ಓದಿ ಹೇಳಿ. ಮಗು ಇರುವ ಮನೆಯವರಿಗೆ ತಪ್ಪದೆ ತಿಳಿಸಿ.

– ಪಶುವೈದ್ಯಾಧಿಕಾರಿ