ಧರ್ಮಪುರಿಯಲ್ಲಿ ಇಳಿಯದ ವರ್ಷಗಳು

ಸೇಲಂನ ದೇವಾಂಗರ ಮನೆಯವನು ನಾನು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಕಲಿತದ್ದು ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ. ಅಕ್ಷರ ಬಂದದ್ದೇ ತಡ, ಶಾಸನದ ಹುಚ್ಚು ಹಿಡಿಯಿತು. ಹಲ್ಮಿಡಿ, ಬಾದಾಮಿ, ಹಂಪಿ, ಬೇಲೂರು ಎಂದು ರಜೆಯೆಲ್ಲ ಅಲ್ಲೇ ಕಳೆಯಿತು. ಹಬ್ಬಕ್ಕೆ ಊರಿಗೆ ಹೋಗುವ ಬಸ್ಸು ಧರ್ಮಪುರಿಯಲ್ಲಿ ಹತ್ತು ನಿಮಿಷ ನಿಲ್ಲುತ್ತಿತ್ತು. ಕೂತಲ್ಲೇ ಟೀ ಕುಡಿದು ಮುಂದೆ ಹೋಗುತ್ತಿದ್ದೆ. ಹೀಗೇ ಹನ್ನೊಂದು ವರ್ಷ.

ಒಂದು ದಿನ ಹಳೆಯ ಶಾಸನ ಸಂಪುಟ ತಿರುವುವಾಗ, ನೊಳಂಬ ಮಹೇಂದ್ರನ ಕಾಲದಲ್ಲಿ ನಿಧಿಯಣ್ಣ, ಚಂಡಿಯಣ್ಣ ಎಂಬಿಬ್ಬರು ತಗಡೂರಿನಲ್ಲಿ ಬಸದಿ ಕಟ್ಟಿಸಿದ ಸಂಗತಿ ಸಿಕ್ಕಿತು. ಒಂಬತ್ತನೇ ಶತಮಾನದ ಕೊನೆಯ ಭಾಗ, ಭಾಷೆ ಕನ್ನಡ. ನಂಜನಗೂಡಿನ ಹತ್ತಿರದ ತಗಡೂರು ಇರಬೇಕು ಅಂದುಕೊಂಡು ಪುಟ ತಿರುವಿದೆ. ಆಮೇಲೆ ನೆನಪಾಯಿತು: ಕವಯಿತ್ರಿ ಅವ್ವೈಯಾರಿಗೆ ನೆಲ್ಲಿಕಾಯಿ ಕೊಟ್ಟ ಅದಿಯಮಾನನ ತಗಡೂರು ಎಂದು ನಮ್ಮ ತಮಿಳು ಮೇಷ್ಟ್ರು ಪಾಠ ಮಾಡಿದ್ದು ಈ ಧರ್ಮಪುರಿಯನ್ನೇ! ಶಾಲೆಯ ತಮಿಳು ಒಂದು ಕಡೆ, ದೊಡ್ಡವನಾದ ಮೇಲೆ ಕಲಿತ ಕನ್ನಡ ಇನ್ನೊಂದು ಕಡೆ. ಎರಡೂ ನನ್ನ ತಲೆಯೊಳಗೇ ಇದ್ದರೂ ಒಂದಕ್ಕೊಂದು ಪರಿಚಯವಿರಲಿಲ್ಲ.

ಧರ್ಮಪುರಿಗೆಂದೇ ಮೊದಲ ಸಲ ಹೋದಾಗ ಆಟೋದವರನ್ನು 'ನೊಳಂಬರ ದೇವಸ್ಥಾನ ಎಲ್ಲಿ?' ಎಂದು ತಮಿಳಿನಲ್ಲೇ ಕೇಳಿದೆ. ನಾಲ್ಕು ಜನ ಮುಖ ಮುಖ ನೋಡಿಕೊಂಡರು. 'ಕಾಮಾಕ್ಷಿ ಅಮ್ಮನ್ ಕೋಯಿಲಾ? ಕೋಟ್ಟೈಯಾ?' ಎಂದು ಐದನೆಯವರು ಕೇಳಿದ ಮೇಲೆ ಕೆಲಸವಾಯಿತು. ರಾಜವಂಶದ ಹೆಸರು ಪುಸ್ತಕಕ್ಕೆ, ಅಮ್ಮನ ಹೆಸರು ಬೀದಿಗೆ. ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿ ಬಾಗಿಲು ಹಾಕಿತ್ತು. ಸಂಜೆಯವರೆಗೆ ಕಾಯುವ ತಾಳ್ಮೆ ಇಲ್ಲದೆ ವಾಪಸ್ ಬಂದೆ.

ಎರಡನೆಯ ಸಲ ಬೆಳಗ್ಗೆಯೇ ಹೋದೆ. ಕೋಟೆಯ ಮಲ್ಲಿಕಾರ್ಜುನನ ಗುಡಿಯಲ್ಲಿ ಜನ ನೋಡುವುದು ನೆಲಕ್ಕೆ ತಾಗದ ಕಂಬ. ಅಡಿಯಲ್ಲಿ ಕಾಗದ ತೂರಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಹೊರಡುತ್ತಾರೆ. ನಾನೂ ತೂರಿಸಿದೆ, ಸುಳ್ಳು ಹೇಳುವುದಿಲ್ಲ. ತಲೆಯ ಮೇಲೆ, ಚಾವಣಿಯಲ್ಲಿ, ದಿಕ್ಪಾಲಕರು ತಮ್ಮ ತಮ್ಮ ಮೂಲೆ ಹಿಡಿದು ಕೂತಿರುವುದನ್ನು ಕತ್ತು ನೋಯುವವರೆಗೆ ನೋಡಿದರೂ ಸಾಲದು. ಪಕ್ಕದ ಕಾಮಾಕ್ಷಿ ಗುಡಿಯಲ್ಲಿ ಇದಕ್ಕೆ ತಿರುಗುಮುರುಗು, ಕುಕ್ಕರಗಾಲಲ್ಲಿ ಕೂರಬೇಕು. ಗೇಣುದ್ದವೂ ಇಲ್ಲದ ಚಿಕ್ಕ ಚಿಕ್ಕ ಶಿಲ್ಪಗಳಲ್ಲಿ ರಾಮಾಯಣ ಅಧಿಷ್ಠಾನದ ಸುತ್ತ ಸಾಗುತ್ತದೆ.

ಅಲ್ಲಿಂದ ಮುಂದೆ ಸೇಲಂ ದಾರಿಯಲ್ಲೇ ಅದಿಯಮಾನ್‌ಕೋಟೆ. ಕಾಲಭೈರವನ ಮುಂದೆ ಸಾಲುಗಟ್ಟಿ ನಿಲ್ಲುವವರಲ್ಲಿ ಎಷ್ಟು ಮಂದಿ ಚೆನ್ನರಾಯ ಪೆರುಮಾಳ್ ಗುಡಿಯ ಚಾವಣಿಯ ವರ್ಣಚಿತ್ರ ನೋಡಿದ್ದಾರೋ! ಚೆನ್ನರಾಯ, ಹೊಗೇನಕಲ್ಲು: ಇವು ಕನ್ನಡದ ಹೆಸರುಗಳು ಎಂದು ನನ್ನ ಕಿವಿಗೆ ಹೊಳೆಯಲು ನಲವತ್ತು ವರ್ಷ ಬೇಕಾಯಿತು.

ಮೆಟ್ಟೂರು ಜಲಾಶಯದ ದಡದ ಪಣ್ಣವಾಡಿಯಲ್ಲಿ ಮಾತ್ರ ಮೋಸ ಹೋದೆ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದಾಗ ಮುಳುಗಿದ ಊರುಗಳ ನಂದಿ ಮತ್ತು ಚರ್ಚಿನ ಗೋಪುರ, ನೀರು ತುಂಬ ಇಳಿದಾಗ ಮೇಲೆ ಕಾಣುತ್ತವೆ. ಜಲಾಶಯದ ಮಟ್ಟ ದಿನವೂ ತಮಿಳು ಪತ್ರಿಕೆಯಲ್ಲಿ ಬರುತ್ತದೆ. ಅದನ್ನು ನೋಡದೆ ಹೋದವನಿಗೆ ಕಂಡದ್ದು ನೀರು, ಬರೀ ನೀರು. ದಡದಲ್ಲಿ ಮೀನು ಹುರಿದು ಕೊಟ್ಟರು, ತಿಂದು ಬಂದೆ.

ಮೂರನೆಯ ಸಲ ಕೋಟೆಗೆ ಅಪ್ಪನನ್ನು ಕರೆದುಕೊಂಡು ಹೋದೆ. ಬಿಳಿ ರೇಷ್ಮೆ ಪಂಚೆ ನೇಯ್ದು ಮುದುಕರಾದವರು. ನೊಳಂಬರು, ಶಾಸನ ಎಂದು ನಾನು ಶುರು ಮಾಡಿದೆ. ಅವರ ಕಿವಿಗೆ ಬೀಳಲಿಲ್ಲ. ಕಾಮಾಕ್ಷಿ ಗುಡಿಯ ಬುಡದಲ್ಲಿ ಕೂತು ಆ ಪುಟ್ಟ ರಾಮಾಯಣದ ಪಟ್ಟಿಯ ಮೇಲೆ ಬೆರಳಾಡಿಸುತ್ತ ಮೂಲೆಯವರೆಗೆ ಹೋದರು.

'ಅಂಚು ಇದು,' ಅಂದರು. 'ಮೂಲೇಲಿ ಎಲ್ಲೂ ಎಳೆ ತಪ್ಪಿಲ್ಲ ನೋಡು.'

ಬಾಗಿಲು ಹಾಕುವವರು ಬೀಗದ ಕೈ ಅಲ್ಲಾಡಿಸಿದರು. ಅಪ್ಪ ಇನ್ನೂ ಎರಡನೆಯ ಮಗ್ಗುಲಲ್ಲಿದ್ದರು.